ಮಾರಲೆಂದು ರಿಪೇರಿ ಮಾಡಿದ ಮನೆ

ಮಾರ್ಚ್ 3, ಸೋಮವಾರ

ಬಾಯಿ ಮುಚ್ಚಿಕೊಂಡಿರು ಎಂದು ಅಪ್ಪ ಹೇಳಿದ್ದಾರೆ. ಕೈಯ ವಿಚಾರ ಏನೂ ಹೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದು ಶಾಲೆ ಬಿಟ್ಟಾಗ ಉಳಿದ ನೋಟ್‌ಬುಕ್ಕು. ಮೊದಲ ಎರಡು ಪುಟಗಳಲ್ಲಿ ತ್ರಿಕೋನಗಳಿವೆ, ಅಲ್ಲಿಂದಾಚೆ ಖಾಲಿ.

ಆದದ್ದು ಇಷ್ಟು. ಮನೆ ಕೊಳ್ಳುವ ಮೊದಲ ಪಾರ್ಟಿ ಇವತ್ತು ನೋಡಲು ಬಂದಿತ್ತು. ಗಂಡ, ಹೆಂಡತಿ, ಅವರ ಹಿಂದೆ ಬ್ರೋಕರ್. ಅಪ್ಪ ಆಫೀಸಿನಲ್ಲಿದ್ದರು. ಅಮ್ಮನಿಗೆ ಮಂಡಿನೋವು, ಜನರನ್ನು ಮಹಡಿಗೆ ಕರೆದೊಯ್ಯಲಾರಳು. ಉಳಿದವನು ನಾನು. ಮಹಡಿ ಕೋಣೆಯಲ್ಲಿ ಆ ಹೆಂಗಸು ಮಾತಿಗೊಂದು ಮಾತು ಎಂಬಂತೆ, ಮಳೆಗಾಲದಲ್ಲಿ ಸೋರುವುದಿಲ್ಲ ತಾನೇ ಎಂದು ಕೇಳಿದರು. ಹೊರಗೆ ಮಳೆ ನಿಂತ ಮೇಲೂ ಒಳಗೆ ಸ್ವಲ್ಪ ಹೊತ್ತು ಮುಂದುವರಿಯುತ್ತದೆ ಎಂದೆ. ಗಂಡ, ಬೀರು ಯಾಕೆ ಗೋಡೆಯ ನಟ್ಟನಡುವೆ ನಿಂತಿದೆ ಎಂದರು. ಸರಿಸಿ ತೋರಿಸಿದೆ. ಹಿಂದೆ ಗಾರೆ ಸಿಪ್ಪೆಯೆದ್ದು ನಿಂತಿತ್ತು. ಬ್ರೋಕರ್‌ಗೆ ಕೆಮ್ಮು ಬಂತು. ಪಾರ್ಟಿಗೆ ಬೇರೆಲ್ಲೋ ಕೆಲಸವಿರುವುದು ನೆನಪಾಯಿತು.

ನಾನೇನು ಸತ್ಯದ ಗುತ್ತಿಗೆ ಹಿಡಿದವನಲ್ಲ. ಯಾರಾದರೂ ಕೇಳಿದರೆ ಸುಳ್ಳು ಎದ್ದು ಅಂಗಿ ತೊಟ್ಟು ಬರುವಷ್ಟರಲ್ಲಿ ನಿಜ ಬಾಗಿಲಿಗೆ ಬಂದು ನಿಂತಿರುತ್ತದೆ. ಶಾಲೆ ಬಿಟ್ಟದ್ದೂ ಹೀಗೆಯೇ. ತಪಾಸಣೆಗೆ ಬಂದವರು ಈ ಪಾಠ ಆಗಿದೆಯಾ ಎಂದು ಕೇಳಿದರು, ಇಲ್ಲ ಎಂದೆ. ಆಮೇಲೆ ಮೇಷ್ಟ್ರಿಗೂ ನನಗೂ ಒಂದೇ ಕೋಣೆ ಸಾಲದಾಯಿತು.

ತಮಾಷೆಯೆಂದರೆ ಈ ಮನೆ ಮಾರಿಹೋಗಲಿ ಎಂದು ಎಲ್ಲರಿಗಿಂತ ಹೆಚ್ಚು ಬಯಸುವವನು ನಾನೇ. ಅಮ್ಮ ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರ್ ಹೇಳಿದ್ದಾರೆ. ನಮ್ಮ ಮನೆಯಲ್ಲಿ ಅಡುಗೆಮನೆ ಕೆಳಗೆ, ಮಲಗುವ ಕೋಣೆ, ಬಚ್ಚಲು, ಕಕ್ಕಸು ಎಲ್ಲ ಮೇಲೆ. ಅಕ್ಕ ತನ್ನ ಬೀದಿಯಲ್ಲೇ ಲಿಫ್ಟಿರುವ ಒಂದು ಫ್ಲ್ಯಾಟ್ ನೋಡಿಟ್ಟಿದ್ದಾಳೆ. ಅದರ ಮಾಲೀಕರು ಏಪ್ರಿಲ್ ಮುಗಿಯುವವರೆಗೆ ಕಾಯುತ್ತಾರಂತೆ. ಅಮ್ಮನನ್ನು ಆ ಲಿಫ್ಟಿನಲ್ಲಿ ನಿಲ್ಲಿಸಿದ ಮಾರನೇ ದಿನ ನಾನು ಸ್ವತಂತ್ರ. ನನ್ನ ಗೆಳೆಯ ಕುಳ್ಳ, ಲಾರಿ ಓಡಿಸುತ್ತಾನೆ, ಪಕ್ಕದ ಸೀಟು ನನಗೆಂದು ಹೇಳಿದ್ದಾನೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ರಸ್ತೆ ಮಾತ್ರ.

ಮಾರ್ಚ್ 5, ಬುಧವಾರ

ಬ್ರೋಕರ್ ನನಗೆ ಪಾಠ ಹೇಳಲು ಬಂದಿದ್ದರು. ಅವರ ಬಾಯಲ್ಲಿ ನಮ್ಮ ಮನೆ ನನಗೇ ಗುರುತು ಸಿಗಲಿಲ್ಲ. ಸೋರುತ್ತದೆ ಎನ್ನಬಾರದು, ತಂಪು ಎನ್ನಬೇಕು. ಇಕ್ಕಟ್ಟು ಎನ್ನಬಾರದು, ಆಪ್ತವಾಗಿದೆ ಎನ್ನಬೇಕು. ಬೆಳಕಿಲ್ಲದ ನಡುಕೋಣೆ ಧ್ಯಾನಕ್ಕೆ ಹೇಳಿ ಮಾಡಿಸಿದ್ದು.

"ನಾಲ್ಕನೇ ಮೆಟ್ಟಿಲು ಅಲ್ಲಾಡುತ್ತಲ್ಲ, ಅದಕ್ಕೇನನ್ನಲಿ?" ಎಂದೆ.

ಅವರು ಗಂಭೀರವಾಗಿ ಯೋಚಿಸಿದರು. "ಅಲ್ಲಿಗೆ ಬಂದಾಗ ಅವರ ಮಕ್ಕಳ ವಿಷಯ ಕೇಳಪ್ಪ. ಯಾರೂ ಕಾಲ ಕಡೆ ನೋಡಲ್ಲ."

ಮಕ್ಕಳಿಲ್ಲದವರು ಬಂದರೆ ಎಂದು ಕೇಳಿದೆ. ನಿನ್ನಂಥ ಮಗನನ್ನು ನೋಡಿದರೆ ಅವರಿಗೆ ಸಮಾಧಾನವಾಗುತ್ತದೆ ಎಂದು ಎದ್ದು ಹೋದರು.

ಮಾರ್ಚ್ 8, ಶನಿವಾರ

ಎರಡನೇ ಪಾರ್ಟಿಯೂ ಹೋಯಿತು. ಈ ಸಲ ನಾನಾಗಿ ಬಾಯಿ ಬಿಟ್ಟಿರಲಿಲ್ಲ. ಅವರು ಅಡುಗೆಮನೆಯ ನಲ್ಲಿಗೆ ಸುತ್ತಿದ್ದ ಕಪ್ಪು ಪಟ್ಟಿ ಏನೆಂದರು. ಸುಮ್ಮನಿದ್ದೆ. ಮತ್ತೆ ಕೇಳಿದರು. ಸೈಕಲ್ ಟ್ಯೂಬು ಎಂದೆ. ಎಷ್ಟು ದಿನದಿಂದ ಎಂದರು. ನಾನು ಹುಟ್ಟುವ ಮೊದಲಿಂದ ಎಂದೆ.

ಅಪ್ಪನ ಕೈರಿಪೇರಿಗಳ ವಿಷಯ ಇಲ್ಲಿ ಬರೆದಿಡಬೇಕು. ಈ ಮನೆಯಲ್ಲಿ ಕೆಟ್ಟದ್ದನ್ನೆಲ್ಲ ಅಪ್ಪನೇ ಸರಿಮಾಡಿದ್ದಾರೆ. ತಂತಿ, ಅಂಟು, ಸೈಕಲ್ ಟ್ಯೂಬು, ಮತ್ತು "ಸದ್ಯಕ್ಕೆ ಇರಲಿ" ಎಂಬ ಮಾತು, ಇವು ಅವರ ಸಲಕರಣೆ. ಬಚ್ಚಲ ಬಾಗಿಲನ್ನು ಸ್ವಲ್ಪ ಎತ್ತಿ ಹೆಗಲಲ್ಲಿ ಗುದ್ದಬೇಕು. ಹಾಲಿನ ದೀಪ ಬೇಕಾದರೆ ಸ್ವಿಚ್ ಹಾಕಿ ಬೋರ್ಡಿಗೊಂದು ಏಟು ಕೊಡಬೇಕು. ನಾಲ್ಕನೇ ಮೆಟ್ಟಿಲನ್ನು ದಾಟಿ ಐದನೆಯದಕ್ಕೆ ಕಾಲಿಡಬೇಕು. ನಾವು ಮೂವರೂ ಇದನ್ನೆಲ್ಲ ನಿದ್ದೆಗಣ್ಣಿನಲ್ಲೂ ಮಾಡುತ್ತೇವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಕಟ್ಟಿದವರು ನಮ್ಮ ನಡುಕೋಣೆಗೆ ಬಂದಿರಲಿಲ್ಲ.

ಊಟದ ಹೊತ್ತಿಗೆ ಅಪ್ಪ ಕೂಗಾಡಿದರು.

"ನಿನ್ನ ನಿಜ ಯಾರಿಗೋ ಬೇಕಾಗಿತ್ತು?"

"ಕೇಳಿದೋರಿಗೆ."

ಅಮ್ಮ ತಟ್ಟೆ ನೋಡಿಕೊಂಡೇ ನಕ್ಕಳು. ಆಮೇಲೆ, "ಇವನಿಗೆ ಸುಳ್ಳು ಕಲಿಸೋದಕ್ಕಿಂತ ಮನೆ ರಿಪೇರಿ ಮಾಡ್ಸೋದು ಸುಲಭ ಕಣ್ರೀ" ಎಂದಳು. ಅಪ್ಪ ಊಟ ಮುಗಿಸಿ ಎದ್ದರು. ಕೈ ತೊಳೆಯುವಾಗ, ಒಬ್ಬ ಮೇಸ್ತ್ರಿ ಗೊತ್ತಿದ್ದಾನೆ ಎಂದರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮಾರಿ ನೋಡು ಎನ್ನುವುದನ್ನು ಯಾಕೆ ಬಿಟ್ಟರೋ.

ಮಾರ್ಚ್ 16, ಭಾನುವಾರ

ಮೇಸ್ತ್ರಿ ಬಂದ. ಕೆಲಸಕ್ಕೆ ಮುಂಚೆ ಸೊಂಟದ ಮೇಲೆ ಕೈಯಿಟ್ಟು ಗೋಡೆ ನೋಡಿದ. "ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?" ಎಂದ. ಅಪ್ಪ ಸೂರು ನೋಡಿದರು. ಅಪ್ಪ ಮಾಡಿದ್ದು ಎಂದೆ. ನಲ್ಲಿ ಹತ್ತಿರ ಹೋಗಿ ಅದನ್ನೇ ಕೇಳಿದ. ಅಪ್ಪ ಎಂದೆ. ಮೂರನೇ ಸಲ ಅವನು ಕೇಳುವ ಮೊದಲೇ ಅಪ್ಪ, "ನಾನೇ ಮಾರಾಯ, ಎಲ್ಲಾ ನಾನೇ. ಕೆಲಸ ಶುರು ಮಾಡು" ಎಂದರು.

ಸಂಜೆಯ ಹೊತ್ತಿಗೆ ಮಹಡಿಯ ಗೋಡೆ ಇಟ್ಟಿಗೆ ಕಾಣುವಂತೆ ಬೋಳಾಯಿತು. ನಾಲ್ಕನೇ ಮೆಟ್ಟಿಲನ್ನು ಕಿತ್ತ. ನಾಳೆ ಬೆಳಿಗ್ಗೆ ಬೇಗ ಬರುತ್ತೇನೆ ಎಂದು ಹೋದ.

ಮಾರ್ಚ್ 20, ಗುರುವಾರ

ಮೇಸ್ತ್ರಿಯ ನಾಳೆ ಇನ್ನೂ ಬಂದಿಲ್ಲ. ಫೋನಿನಲ್ಲಿ ದಾರಿಯಲ್ಲಿದ್ದೇನೆ ಎನ್ನುತ್ತಾನೆ. ಯಾವ ಊರಿನ ದಾರಿಯೋ.

ಅಮ್ಮ ಎರಡು ಕೈಯಲ್ಲೂ ಗೋಡೆ ಹಿಡಿದು, ಮೆಟ್ಟಿಲಿಲ್ಲದ ಜಾಗ ದಾಟಿ ಹತ್ತುತ್ತಿದ್ದಳು. ನೋಡಿಕೊಂಡು ಕೂರಲಾಗಲಿಲ್ಲ. ಮೇಸ್ತ್ರಿ ಬಿಟ್ಟುಹೋದ ಕರಣೆ, ಮರಳು, ಸಿಮೆಂಟು ಇಲ್ಲೇ ಇದ್ದವು. ಮೆಟ್ಟಿಲು ಕೂರಿಸಿದೆ. ಎಡಕ್ಕೆ ವಾಲಿತು. ಕಿತ್ತು ಮತ್ತೆ ಕೂರಿಸಿದೆ. ಈಗ ಕುಣಿದರೂ ಅಲ್ಲಾಡುವುದಿಲ್ಲ.

ಕುಳ್ಳನ ಫೋನು ಬಂದಿತ್ತು. ಕೈಯೆಲ್ಲ ಸಿಮೆಂಟು, ಎತ್ತಲಿಲ್ಲ.

ಮಾರ್ಚ್ 25, ಮಂಗಳವಾರ

ಗೋಡೆಗೆ ಗಾರೆ. ಮೊದಲ ಸಲ ಎಲ್ಲ ನನ್ನ ಕಾಲ ಮೇಲೆ. ಎರಡನೇ ಸಲ ಅರ್ಧ ಗೋಡೆಯ ಮೇಲೆ. ಬೆನ್ನು ಮುರಿದುಹೋಗಿದೆ. ಬರೆಯಲಾರೆ.

ಮಾರ್ಚ್ 30, ಭಾನುವಾರ

ಎಲ್ಲ ಮುಗಿಯಿತು. ಮೇಸ್ತ್ರಿ ಕೊನೆಗೂ ಬಂದು, ಗೋಡೆ ನೋಡಿ ಮಾಮೂಲಿ ಪ್ರಶ್ನೆ ಕೇಳಿ, ನಾನು ಎಂದಾಗ ತನ್ನ ಕರಣೆ ಎಲ್ಲಿ ಎಂದು ವಿಚಾರಿಸಿಕೊಂಡು ಹೋದ. ಬಾಗಿಲಿಗೆ ಬಡಗಿ, ಬೋರ್ಡಿಗೆ ವೈರಿಂಗಿನವರು ಬಂದು ಹೋದರು. ಸೈಕಲ್ ಟ್ಯೂಬು ಕಳಚಿ ಹೊಸ ನಲ್ಲಿ ಹಾಕಿದೆ. ಸೂರಿನ ಬಿರುಕು ಮುಚ್ಚಿ ಮೇಲಿಂದ ನೀರು ಸುರಿದು ನೋಡಿದೆ, ಸೋರಲಿಲ್ಲ. ಮನೆಯಲ್ಲೀಗ ಕೆಟ್ಟದ್ದು ಏನೂ ಇಲ್ಲ.

ತೊಂದರೆ ಶುರುವಾದದ್ದೇ ಅದರಿಂದ. ಬೆಳಿಗ್ಗೆ ಅಪ್ಪ ಬಚ್ಚಲ ಬಾಗಿಲಿಗೆ ಎಂದಿನಂತೆ ಹೆಗಲು ಕೊಟ್ಟರು. ಎಣ್ಣೆ ಬಿಟ್ಟ ಹೊಸ ತಿರುಗಣೆ. ಬಾಗಿಲಿಗಿಂತ ಮೊದಲು ಅಪ್ಪ ಒಳಗಿದ್ದರು, ಬಕೆಟ್ಟಿನ ಆಚೆ. ಮಧ್ಯಾಹ್ನ ನಾನೇ ಹಾಲಿನ ದೀಪ ಹಾಕಿ, ರೂಢಿಯ ಏಟು ಕೊಟ್ಟು ಹೊಸ ಬೋರ್ಡಿಗೆ ಬಿರುಕು ಬಿಡಿಸಿದೆ. ನಲ್ಲಿಯನ್ನು ಅಮ್ಮ ಹಳೆಯ ಬಲದಲ್ಲಿ ತಿರುಗಿಸಿದ್ದಕ್ಕೆ ಅಡುಗೆಮನೆಗೆಲ್ಲ ಸ್ನಾನವಾಯಿತು. "ಕೆಟ್ಟಿದ್ದಾಗ ಮನೆ ನಮ್ಮ ಮಾತು ಕೇಳ್ತಿತ್ತು" ಎಂದು ಅಪ್ಪ ಮೊಣಕೈಗೆ ಮುಲಾಮು ಹಚ್ಚಿಕೊಂಡರು.

ಏಪ್ರಿಲ್ 6, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಒಳ್ಳೆ ಪಾರ್ಟಿ. ಕನ್ನಡಕದ ಗಂಡಸು, ಅವರ ತಮ್ಮ. ಅಪ್ಪನೂ ಮನೆಯಲ್ಲಿದ್ದರು. ನಾನಂತೂ ಹಬ್ಬದ ಹುರುಪಿನಲ್ಲಿದ್ದೆ, ಯಾಕೆಂದರೆ ಮೊದಲ ಸಲ ನಿಜವೂ ಬ್ರೋಕರೂ ಒಂದೇ ಕಡೆ ಇದ್ದರು. ಸೋರುತ್ತದಾ, ಇಲ್ಲ. ಗೋಡೆ, ಗಟ್ಟಿ. ಮೆಟ್ಟಿಲು, ನಾನೇ ಕೂರಿಸಿದ್ದು. ಬ್ರೋಕರ್ ನನ್ನ ಬೆನ್ನು ತಟ್ಟಿದರು.

ಮೇಲೆ ಹೋಗೋಣ ಎಂದರು. ಅಪ್ಪ ಮುಂದೆ ಹತ್ತಿದರು, ಒಂದು, ಎರಡು, ಮೂರು, ಐದು. ಅವರ ಹಿಂದೆ ನಾನು, ಒಂದು, ಎರಡು, ಮೂರು, ಐದು. ಕನ್ನಡಕದವರು ಕೆಳಗೆ ನಿಂತೇ ಬಿಟ್ಟರು.

"ಆ ಮೆಟ್ಟಿಲಿಗೇನಾಗಿದೆ?"

"ಏನೂ ಆಗಿಲ್ಲ, ಗಟ್ಟಿಯಾಗಿದೆ."

"ಮತ್ತೆ ಯಾಕೆ ಇಬ್ರೂ ಹಾರಿದ್ರಿ?"

ನಾನು ಕೆಳಗಿಳಿದು ಅದರ ಮೇಲೆ ನೆಗೆದು ತೋರಿಸಿದೆ. ಅಷ್ಟು ಜೋರಾಗಿ ನೆಗೆದದ್ದು ತಪ್ಪಾಯಿತೇನೋ. ತಮ್ಮ ಅಣ್ಣನ ಮುಖ ನೋಡಿದ. ಅಷ್ಟರಲ್ಲಿ ಅಪ್ಪ ಮೇಲೆ ಬಚ್ಚಲ ಬಾಗಿಲನ್ನು ಎರಡು ಕೈಯಲ್ಲಿ ಎತ್ತುವ ಹಾಗೆ ಹಿಡಿದು, ನೆನಪಾಗಿ ಬಿಟ್ಟು, ಒಂದೇ ಬೆರಳಿನಿಂದ ಮೆಲ್ಲಗೆ ತಳ್ಳಿದರು. ಕಳ್ಳತನಕ್ಕೆ ಬಂದವರ ಹಾಗಿತ್ತು. ಕೆಳಗೆ ಅಮ್ಮ ದೀಪ ಹಾಕಿ ಬೋರ್ಡಿನ ಕಡೆ ಕೈಯೆತ್ತಿ, ಹೊಡೆಯದೆ, ಅದನ್ನು ಸವರಿ ಸುಮ್ಮನಾದಳು.

ಹೊರಡುವಾಗ ಕನ್ನಡಕದವರು ನನ್ನೊಬ್ಬನನ್ನೇ ಬದಿಗೆ ಕರೆದು, ಏನು ಮುಚ್ಚಿಡುತ್ತಿದ್ದೀರಿ ಹೇಳಪ್ಪ ಎಂದರು. ಏನೂ ಇಲ್ಲ ಎಂದೆ. ನಿನ್ನ ವಯಸ್ಸಿಗೆ ಸುಳ್ಳು ಹೇಳಬಾರದು ಎಂದು ಬುದ್ಧಿ ಹೇಳಿ ಹೋದರು.

ಹುಟ್ಟಿದಾಗಿನಿಂದ ಇಂಥ ಅವಮಾನ ಆಗಿರಲಿಲ್ಲ.

ಏಪ್ರಿಲ್ 9, ಬುಧವಾರ

ಬ್ರೋಕರ್ ಹೇಳಿದಂತೆ ಪ್ರತಿ ಸಂಜೆ ಅಭ್ಯಾಸ. ಅಪ್ಪ ಆಫೀಸಿನಿಂದ ಬಂದು, ಶೂ ಬಿಚ್ಚಿ, ನಾಲ್ಕನೇ ಮೆಟ್ಟಿಲಿನ ಮೇಲೆ ಹತ್ತಿ ಇಳಿಯುತ್ತಾರೆ. ಆ ಮೆಟ್ಟಿಲು ಬಂದಾಗ ತುಟಿ ಕಚ್ಚುತ್ತಾರೆ. ನಾನು ಬೋರ್ಡಿನ ಮುಂದೆ ಕೈ ಹಿಂದೆ ಕಟ್ಟಿ ನಿಲ್ಲುತ್ತೇನೆ. ಸ್ವಂತ ಮನೆಯಲ್ಲಿ ನೆಂಟರ ಹಾಗೆ ನಡೆಯುವುದನ್ನು ಕಲಿಯುತ್ತಿದ್ದೇವೆ. ಅಮ್ಮ ಮಾತ್ರ ಅಭ್ಯಾಸಕ್ಕೆ ಬರುವುದಿಲ್ಲ. ದಿನಕ್ಕೆ ಅಷ್ಟೊಂದು ಸಲ ಹತ್ತಿಳಿಯಲು ತನ್ನಿಂದಾಗದು ಎನ್ನುತ್ತಾಳೆ.

ಕುಳ್ಳ ಬಂದಿದ್ದ. ಈ ತಿಂಗಳ ಕೊನೆಗೆ ದೂರದ ಲೋಡು ಇದೆಯಂತೆ. ಬರುತ್ತೀಯಾ ಇಲ್ಲವಾ ಹೇಳು ಎಂದ. ಮನೆ ಮಾರಿಹೋಗಲಿ, ಆಮೇಲೆ ಎಂದೆ. ನನ್ನ ಗೋಡೆ ತೋರಿಸಿದೆ. ಅವನು ಗೋಡೆ ಎಂದಷ್ಟೇ ಹೇಳಿದ. ಅವನಿಗೆ ಕೆಲಸದ ವಿಷಯ ಏನೂ ಗೊತ್ತಾಗುವುದಿಲ್ಲ.

ಏಪ್ರಿಲ್ 13, ಭಾನುವಾರ

ಗಂಡ, ಹೆಂಡತಿ, ಜೊತೆಗೆ ಗಂಡನ ತಾಯಿ. ಎಲ್ಲ ಸುಸೂತ್ರವಾಗಿ ನಡೆಯಿತು. ಅಪ್ಪ ನಾಲ್ಕನೇ ಮೆಟ್ಟಿಲಿನ ಮೇಲೆ ನಿಂತು ಮಾತಾಡಿದರು. ಬಾಗಿಲು ತೆರೆದರೆ ತೆರೆದ ಹಾಗಿತ್ತು. ಗಂಡ ಹೆಂಡತಿ ಇಬ್ಬರೂ ಮೇಲಿನ ಕಿಟಕಿಯಲ್ಲಿ ನಿಂತು ಪರದೆ ಯಾವ ಬಣ್ಣದ್ದಿರಲಿ ಎಂಬಲ್ಲಿಗೆ ಬಂದಿದ್ದರು. ಬ್ರೋಕರ್ ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು.

ತಾಯಿ ಹತ್ತಲಾರೆನೆಂದು ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂತಿದ್ದರು. ನಾವು ಇಳಿದು ಬಂದಾಗ ಇಬ್ಬರೂ ಮಂಡಿಯ ಮೇಲೆ ಕೈಯಿಟ್ಟು, ಒಂದೇ ತರಗತಿಯವರ ಹಾಗೆ ಮಾತಾಡುತ್ತಿದ್ದರು.

"ಹಾಗಾದ್ರೆ ಎಲ್ಲಾದಕ್ಕೂ ಮೇಲೇ ಹೋಗ್ಬೇಕಾ? ನೀನು ಹೇಗಮ್ಮ ಮಾಡ್ತೀಯ?"

"ಬೆಳಿಗ್ಗೆ ಇಳಿದ್ರೆ ಮತ್ತೆ ಮಲಗೋಕೆ ಹತ್ತೋದು. ಮಧ್ಯಾಹ್ನ ಊಟಕ್ಕೂ ನೀರು ಕುಡಿಯಲ್ಲ. ಅಭ್ಯಾಸ ಆಗಿದೆ."

ಅಮ್ಮ ಅದನ್ನು ಪಾತ್ರೆ ಎಲ್ಲಿಟ್ಟಿದ್ದೇನೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದಳು. ಆ ಮುದುಕಿ ಎದ್ದು ಮಗನ ತೋಳು ಹಿಡಿದು, ನಡಿ ಎಂದರು. ಅವರು ಹೋದರು.

ಅಪ್ಪ ಅಮ್ಮನ ಮೇಲೆ ರೇಗಿದರು. ಇಷ್ಟು ದಿನ ಇವನೊಬ್ಬ ಇದ್ದ, ಈಗ ನೀನೂ ಶುರು ಮಾಡಿದೆಯಾ ಎಂದರು. ಅವರು ಕೇಳಿದರು, ಹೇಳಿದೆ ಎಂದಳು ಅಮ್ಮ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬೀರು ಸರಿಸಿ ತೋರಿಸಿದವನು ನಾನು. ಸೈಕಲ್ ಟ್ಯೂಬಿನ ವಯಸ್ಸು ಹೇಳಿದವನು ನಾನು. ಇಡೀ ದಿನ ಮನೆಯಲ್ಲೇ ಇರುತ್ತೇನೆ. ಅಮ್ಮನ ಎದುರಿಗೇ ಊಟ ಮಾಡುತ್ತೇನೆ.

ಏಪ್ರಿಲ್ 14, ಸೋಮವಾರ

ಮಧ್ಯಾಹ್ನ ಗಮನಿಸಿದೆ. ನನ್ನ ಲೋಟ ತುಂಬಿಸಿಟ್ಟಳು. ತನಗೆ ಲೋಟವನ್ನೇ ಇಟ್ಟುಕೊಳ್ಳಲಿಲ್ಲ.

ಏಪ್ರಿಲ್ 17, ಗುರುವಾರ

ಮೆಟ್ಟಿಲ ಕೆಳಗೆ ನಮ್ಮದೊಂದು ಉಗ್ರಾಣವಿದೆ. ಅಪ್ಪನ ಸಾಮ್ರಾಜ್ಯ. ಮುರಿದ ಫ್ಯಾನು, ಕಾಲಿಲ್ಲದ ಕುರ್ಚಿ, ಕುರ್ಚಿಯಿಲ್ಲದ ಕಾಲು, ಯಾವುದಕ್ಕೋ ಬರಬಹುದಾದ ತಂತಿ. ಮಹಡಿಯ ಬಚ್ಚಲ ಪೈಪು ಇಳಿದು ಬರುವುದು ಸರಿಯಾಗಿ ಅದರ ಗೋಡೆಯ ಹೊರಗೆ. ಚರಂಡಿಯ ಗುಂಡಿಯೂ ಅಲ್ಲೇ. ಟೇಪು ಹಿಡಿದು ಅಳೆದೆ. ಒಂದು ಕಮೋಡು, ಒಂದು ನಲ್ಲಿ, ಕೂತು ಸ್ನಾನ ಮಾಡಲು ಒಂದು ಸ್ಟೂಲು ಹಿಡಿಯುತ್ತದೆ. ಅಮ್ಮನ ಮಂಚ ಹಾಲಿಗೆ ಬಂದರೆ ಮೆಟ್ಟಿಲೇ ಬೇಡ.

ಅಪ್ಪನಿಗೆ ಹೇಳಿದೆ.

"ಮಾರೋ ಮನೆಗೆ ಹೊಸ ಬಾತ್‌ರೂಮಾ? ತಲೆ ನೆಟ್ಟಗಿದೆಯಾ ನಿಂಗೆ?"

"ಮಾರೋ ತನಕ ಅಮ್ಮ ಏನು ಮಾಡ್ಬೇಕು?"

"ಎರಡು ವಾರ. ಆಮೇಲೆ ಲಿಫ್ಟು."

ಕಳೆದ ವರ್ಷದಿಂದ ಅಮ್ಮ ಹೀಗಿದ್ದಾಳಲ್ಲ, ಆಗ ಯಾವ ಲಿಫ್ಟಿತ್ತು ಎಂದು ಕೇಳಿದೆ. ಅಪ್ಪ ಎದ್ದು ಮಹಡಿಗೆ ಹೋದರು. ಅಕ್ಕನಿಗೆ ಫೋನ್ ಮಾಡಿದೆ. ಅವಳೂ ಅಪ್ಪನ ಕಡೆ. ಈಗ ಮನೆ ಅಗೆದರೆ ಯಾರೂ ಕೊಳ್ಳುವುದಿಲ್ಲ, ಫ್ಲ್ಯಾಟ್ ಕೈತಪ್ಪುತ್ತದೆ, ನಿನ್ನ ಹಟಕ್ಕೆ ಅಮ್ಮನನ್ನು ಬಲಿ ಕೊಡಬೇಡ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅದೇ ಕಷ್ಟ.

ಏಪ್ರಿಲ್ 18, ಶುಕ್ರವಾರ

ಬೆಳಿಗ್ಗೆ ಬ್ರೋಕರ್ ಫೋನು. ಭಾನುವಾರ ಕನ್ನಡಕದವರು ಮತ್ತೆ ಬರುತ್ತಾರಂತೆ. ಬೇರೆಲ್ಲೂ ಮನೆ ಸಿಕ್ಕಿಲ್ಲ, ಈ ಸಲ ಮುಂಗಡ ಕೊಟ್ಟೇ ಹೋಗುತ್ತಾರಂತೆ. ಮನೆ ಕನ್ನಡಿಯ ಹಾಗಿರಲಿ ಎಂದರು.

ಅಪ್ಪ ಸಿಳ್ಳೆ ಹಾಕುತ್ತ ಆಫೀಸಿಗೆ ಹೋದರು. ಕುಳ್ಳನಿಗೆ ಹೇಳಲೆಂದು ಫೋನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಊಟದ ಹೊತ್ತಾಯಿತು. ಅಮ್ಮ ಬಡಿಸಿದಳು. ನಾನು ಒಂದು ಲೋಟ ನೀರು ತುಂಬಿಸಿ ಅವಳ ಮುಂದಿಟ್ಟೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ, "ಭಾನುವಾರ ಆಗ್ಲಿ, ಆಮೇಲೆ ಒಂದು ಕೊಡ ನೀರು ಕುಡೀತೀನಿ" ಎಂದಳು.

ಊಟ ಮುಗಿಸಿ ಉಗ್ರಾಣದ ಸಾಮಾನೆಲ್ಲ ಹಾಲಿಗೆ ಎಳೆದೆ. ಸುತ್ತಿಗೆ, ಉಳಿ ತೆಗೆದುಕೊಂಡು ನೆಲ ಒಡೆದೆ. ಅಮ್ಮ ಬೇಡ ಕಣೋ ಎಂದು ಎರಡು ಸಲ ಹೇಳಿದಳು. ಮೂರನೇ ಸಲ ಹೇಳಲಿಲ್ಲ.

ಅಪ್ಪ ಬಂದಾಗ ನಾನು ಮಂಡಿಯುದ್ದದ ಗುಂಡಿಯಲ್ಲಿದ್ದೆ. ಹಾಲಿನಲ್ಲಿ ಅವರ ಸಾಮ್ರಾಜ್ಯ ದೂಳು ಹಿಡಿದು ಕೂತಿತ್ತು. ಏಟು ಬೀಳುತ್ತದೆಂದು ಸುತ್ತಿಗೆ ಕೆಳಗಿಟ್ಟೆ. ಅವರು ನನ್ನ ಕಡೆ ನೋಡಲೇ ಇಲ್ಲ. ಅಮ್ಮನ ಹತ್ತಿರ ಹೋಗಿ ಕೇಳಿದರು.

"ನೀರು ಕುಡೀತಿಲ್ಲ ಅಂತ ಇಷ್ಟು ದಿನ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ರಿ? ಸದ್ಯಕ್ಕೆ ಅಂತ ಒಂದು ಬಕೆಟ್ ತಂದಿಡ್ತಿದ್ರಿ."

ಅಮ್ಮ ನಗುತ್ತಲೇ ಹೇಳಿದ್ದು. ಅಪ್ಪ ನಗಲಿಲ್ಲ. ಆ ಕಾಲಿಲ್ಲದ ಕುರ್ಚಿಯ ಮೇಲೆ ನೆಲದಲ್ಲೇ ಕೂತರು. ಶೂ ಬಿಚ್ಚಿರಲಿಲ್ಲ. ಆಮೇಲೆ ಬ್ರೋಕರ್‌ಗೆ ಫೋನ್ ಮಾಡಿ, ಭಾನುವಾರ ಆಗುವುದಿಲ್ಲ ಎಂದರು. ಆ ಕಡೆಯಿಂದ ಏನು ಕೂಗು ಬಂತೋ, ಫೋನನ್ನು ಕಿವಿಯಿಂದ ದೂರ ಹಿಡಿದರು. ಮನೆಯಲ್ಲಿ ಕೆಲಸ ನಡೀತಿದೆ ರೀ ಎಂದು ಇಟ್ಟುಬಿಟ್ಟರು.

ಮುರಿದ ಫ್ಯಾನನ್ನು ಗುಜರಿಗೆಂದು ಹೊರಗೆ ಹೊತ್ತವರು ಅಪ್ಪನೇ. ಎರಡು ಸಲ ನಿಂತು ಅದರ ರೆಕ್ಕೆ ತಿರುಗಿಸಿ ನೋಡಿದರು ಅನ್ನುವುದನ್ನೂ ಬರೆಯಬೇಕು.

ಏಪ್ರಿಲ್ 27, ಭಾನುವಾರ

ಫ್ಲ್ಯಾಟ್ ಬೇರೆಯವರ ಪಾಲಾಯಿತು. ಅಕ್ಕ ಅಪ್ಪನ ಹತ್ತಿರ ಮಾತ್ರ ಮಾತಾಡುತ್ತಿದ್ದಾಳೆ, ಅದೂ ಹೌದು ಇಲ್ಲ ಎಂದು. ಕನ್ನಡಕದವರು ಹಿಂದಿನ ಬೀದಿಯಲ್ಲಿ ಒಂದು ಮನೆ ಕೊಂಡರು. ಅದು ಎಷ್ಟು ಸೋರುತ್ತದೆಂದು ನನಗೆ ಗೊತ್ತು. ಅವರು ನನ್ನನ್ನು ಕೇಳಲಿಲ್ಲ.

ಕುಳ್ಳ ಹೋದ. ಪಕ್ಕದ ಸೀಟಿಗೆ ಅವನ ಭಾವಮೈದುನ. ಪೈಪಿಗೆ ಇಳಿಜಾರು ಸಾಲುತ್ತಿಲ್ಲ, ಮತ್ತೊಂದು ಗೇಣು ಅಗೆಯಬೇಕು. ಅಪ್ಪ ಮಣ್ಣು ಹೊರುತ್ತಾರೆ. ಅಂಟಿನ ಡಬ್ಬಿ ಹುಡುಕುತ್ತಿದ್ದರು, ಮೇಲೆ ಬೀರುವಿನ ಹಿಂದೆ ಬಚ್ಚಿಟ್ಟಿದ್ದೇನೆ.

ಮೇ 4, ಭಾನುವಾರ

ಇವತ್ತು ಅಮ್ಮ ಮೊದಲ ಸಲ ಒಳಗೆ ಹೋದಳು. ಚಿಲಕ ಹಾಕಿದ ಸದ್ದು ಬಂತು. ಹೊರಗೆ ಅಪ್ಪ, ನಾನು. ಪರೀಕ್ಷೆಯ ಫಲಿತಾಂಶ ನೋಡಲು ನಾನು ಯಾವತ್ತೂ ಹೋಗಿಲ್ಲ, ಹೋದವರಿಗೆ ಹೀಗೇ ಆಗುತ್ತಿತ್ತೇನೋ.

"ಬಾಗಿಲ ಮುಂದೆ ಯಾಕೆ ನಿಂತಿದ್ದೀರಾ ಇಬ್ರೂ? ಹೋಗಿ ಆಚೆ."

ಅಂಗಳಕ್ಕೆ ಹೋಗಿ ನಿಂತೆವು. ಅಲ್ಲಿಂದಲೂ ನೀರಿನ ಸದ್ದು ಕೇಳುತ್ತಿತ್ತು. ಅಪ್ಪ ಆಕಾಶ ನೋಡುತ್ತ ಒಳ್ಳೆ ಪೈಪು ಎಂದರು. ನಾನು ಲೆಕ್ಕ ಹಾಕುತ್ತಿದ್ದೆ. ಸುರಿದ ನೀರು ಒಂದೇ ಉಸಿರಿಗೆ ಇಳಿದು ಹೋಗಬೇಕು. ಹೋಯಿತು, ಆದರೆ ಕೊನೆಯ ಗುಟುಕಿನ ಸದ್ದು ಬರಲಿಲ್ಲ.

ಅಮ್ಮ ಹೊರಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಚೆನ್ನಾಗಿದೆಯಾ ಎಂದು ಅಪ್ಪ ಕೇಳಿದರು. ಹೂಂ ಎಂದಳು. ಅದು ನಮ್ಮಿಬ್ಬರ ಮನಸ್ಸು ನೋಯಬಾರದೆಂದು ಹೇಳಿದ ಹೂಂ ಎಂದು ಗೊತ್ತಾಯಿತು. ಒಳಗೆ ಹೋಗಿ ನೋಡಿದೆ. ಎಡಮೂಲೆಯಲ್ಲಿ ಅಂಗೈಯಗಲ ನೀರು ನಿಂತಿತ್ತು.

"ನೆಲ ತಪ್ಪಾಗಿದೆ ಅಮ್ಮ. ಇಳಿಜಾರು ನಾನೇ ಕೆಡಿಸಿದ್ದು. ನಾಳೆ ಆ ಮೂಲೆ ಒಡೆದು ಮತ್ತೆ ಹಾಕ್ತೀನಿ."

"ಹಾಕು," ಎಂದಳು ಅಮ್ಮ. "ಆದ್ರೆ ಬೆಳಿಗ್ಗೆ ನಾನು ಹೋಗಿ ಬಂದ್ಮೇಲೆ."